ಅಂಜನಾಪುರ ಡ್ಯಾಮ್ ಕುಡಿದ ಟಗರು

ಕಳೆದ ಬುಧವಾರ ಬೆಳಗ್ಗೆ ಹತ್ತೂಮುಕ್ಕಾಲಿಗೆ ಒಂದು ಟಗರು ಅಂಜನಾಪುರ ಜಲಾಶಯವನ್ನು ಕುಡಿದು ಮುಗಿಸಿತು.

ಗಾಬರಿಯಾಗಬೇಡಿ. ನಿಮ್ಮ ಗದ್ದೆಗೆ ನೀರು ಬಂದೇ ಬರುತ್ತದೆ. ಅದು ಕುಡಿದದ್ದು ನಾನು ಥರ್ಮೋಕೋಲಿನಲ್ಲಿ ಕಟ್ಟಿದ್ದ ಜಲಾಶಯವನ್ನು. ಆದರೆ ಆ ಹೊತ್ತಿನಲ್ಲಿ ನನಗಾದ ಸಂಕಟ ನಿಜವಾದ ಡ್ಯಾಮ್ ಖಾಲಿಯಾದರೂ ಆಗುತ್ತಿರಲಿಲ್ಲ.

ನಾನು ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ರಸ್ತೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು ಎಂಬುದು ಈ ಅಂಕಣ ಓದುವವರಿಗೆ ಗೊತ್ತು. ಹೋದ ವರ್ಷ ನನಗೊಂದು ಬಿರುದು ಬಂದದ್ದು ಗೊತ್ತಿರಲಿಕ್ಕಿಲ್ಲ. ಮಾದರಿ ಪಾಠ ಮಾಡಲು ಹೋಗಿ, ಎರಡೂ ತಾಲ್ಲೂಕಿನ ಮೇಷ್ಟ್ರುಗಳ ಎದುರು ಒಂದು ಪುಟಾಣಿ ಎಲ್‌ಇಡಿ ಬಲ್ಬು ಹತ್ತಿಸಲಾಗದೆ ನಿಂತಿದ್ದೆ. ವೈರನ್ನು ತಿರುಗಾಮುರುಗಾ ಕೊಟ್ಟಿದ್ದೆ, ಅಷ್ಟೇ. ಅದು ತಿಳಿದದ್ದು ಮಾತ್ರ ಮನೆಗೆ ಬಂದು ಕಾಫಿ ಕುಡಿಯುವಾಗ. ಅಷ್ಟರಲ್ಲಿ ನಮ್ಮ ಗಣಿತದ ಶಿವಾನಂದ ಮೇಷ್ಟ್ರು ನನಗೆ ‘ಕತ್ತಲೆ ಮೇಷ್ಟ್ರು’ ಎಂದು ನಾಮಕರಣ ಮಾಡಿ ಆಗಿತ್ತು. ಒಂದು ವರ್ಷ ಅದೇ ಹೆಸರು. ಮನೆಯಲ್ಲಿ ಕರೆಂಟ್ ಹೋದರೆ ನನ್ನ ಹೆಂಡತಿಯೂ, “ರೀ, ನೀವೇನಾದ್ರೂ ಮುಟ್ಟಿದ್ರಾ?” ಎಂದು ಕೇಳತೊಡಗಿದಳು.

ಈ ಸಲದ ಮಾದರಿ ಪಾಠ ನಮ್ಮ ಶಾಲೆಯಲ್ಲೇ, ಅದೂ ಶಿಕ್ಷಣ ಇಲಾಖೆಯ ಅಧಿಕಾರಿಗಳ ಎದುರು. ಹಾಗಾಗಿ ಬಲ್ಬು ಹತ್ತಲೇಬೇಕಿತ್ತು. ನಿವೃತ್ತಿಗೆ ಇನ್ನೆಷ್ಟು ವರ್ಷ ಉಳಿದಿದೆ ಹೇಳಿ? ಕತ್ತಲೆಯಲ್ಲೇ ಹೋಗುವುದೇ?

ಪಾಠ ಅದೇ: ‘ಶಕ್ತಿಯ ರೂಪಗಳು’. ಮೇಲಿರುವ ನೀರಿನಲ್ಲಿ ಪ್ರಚ್ಛನ್ನ ಶಕ್ತಿ, ಬೀಳುವ ನೀರಿನಲ್ಲಿ ಚಲನ ಶಕ್ತಿ, ಅದರಿಂದ ವಿದ್ಯುತ್ತು, ಅದರಿಂದ ಬೆಳಕು. ಹದಿನೈದು ದಿನ ಕೂತು ಡ್ಯಾಮ್ ಕಟ್ಟಿದೆ. ಥರ್ಮೋಕೋಲಿನ ಕಟ್ಟೆ, ಪ್ಲಾಸ್ಟಿಕ್ ಚಮಚಗಳ ಚಕ್ರ, ಡೈನಮೋ ಆಗಿ ಹಳೇ ಟೇಪ್ ರೆಕಾರ್ಡರಿನ ಮೋಟರು. ಸುತ್ತಲೂ ಟ್ರೇಗಳಲ್ಲಿ ನಿಜವಾದ ಭತ್ತದ ಸಸಿ ಬೆಳೆಸಿದೆ. (ಇದು ಪಾಠಕ್ಕೆ ಬೇಕಿರಲಿಲ್ಲ. ಶೋಕಿಗೆ.) ಬಲ್ಬು ತಂದದ್ದು ಆನವಟ್ಟಿಯಿಂದ. ಹೊರಗೆ ನೋಡಿದರೆ ಬರೀ ನೀರಿನಂಥ ಬಣ್ಣ, ಹತ್ತಿದರೆ ಬೇರೆ. ಮನೆಯಲ್ಲಿ ನಾಲ್ಕು ಸಲ ಹತ್ತಿಸಿ ನೋಡಿದೆ. ಶಾಲೆಯಲ್ಲಿ ಯಾರಿಗೂ ಬಣ್ಣ ಹೇಳಲಿಲ್ಲ. ಸಸ್ಪೆನ್ಸ್ ಇರಲಿ ಎಂದುಕೊಂಡೆ.

ಅಷ್ಟಕ್ಕೇ ಸುಮ್ಮನಿದ್ದರೆ ನಾನು ಮೇಷ್ಟ್ರು ಹೇಗಾದೇನು? ಹಿಂದಿನ ದಿನ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ, “ಶಕ್ತಿ ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಹೋಗುತ್ತೆ ಅಂತ ತೋರಿಸೋದಕ್ಕೆ ನಿಮ್ಮ ಮನೆಯಿಂದ ಏನಾದರೂ ತನ್ನಿ” ಎಂದೆ. ಬೆಂಕಿಪೊಟ್ಟಣ ಬಂತು. ಟಾರ್ಚ್ ಬಂತು. ಒಬ್ಬ ಕಲ್ಲು ಹೊಡೆಯುವ ಚಾಟರಬಿಲ್ಲು ತಂದ, ಅದನ್ನು ತಕ್ಷಣ ಕಿತ್ತುಕೊಂಡೆ.

ಕುರಿ ಸಾಕುವ ಹಾಲಪ್ಪನವರ ಮಗಳು ರೂಪಾ ಟಗರು ತಂದಳು.

“ಏನವ್ವಾ ಇದು?”

“ಭೀಮ, ಸಾ.”

“ಹೆಸರಲ್ಲ ಕೇಳಿದ್ದು! ಯಾಕೆ ತಂದೆ?”

“ಹುರುಳಿಯೊಳಗೆ ರಾಸಾಯನಿಕ ಶಕ್ತಿ ಐತಿ ಅಂತ ನೀವೇ ಹೇಳಿದ್ರಲ್ಲ ಸಾ. ಹೊಟ್ಟಿ ಖಾಲಿ ಇದ್ದಾಗ ಈ ಚೀಲ ಎಷ್ಟು ದೂರ ಎಳಿತೈತಿ, ಹುರುಳಿ ತಿಂದ್ಮ್ಯಾಲೆ ಎಷ್ಟು ದೂರ ಎಳಿತೈತಿ, ತೋರಸ್ತೀನಿ. ಅದಕ್ಕೇ ಬೆಳಗ್ಗಿಂದ ಏನೂ ತಿನ್ಸಿಲ್ಲ.”

ಕೈಯಲ್ಲಿ ಹಗ್ಗ, ಮರಳು ತುಂಬಿದ ಚೀಲ, ಬಕೆಟ್ಟಿನಲ್ಲಿ ನೆನೆಸಿದ ಹುರುಳಿ. ನಿಜ ಹೇಳಬೇಕೆಂದರೆ ಪ್ರಯೋಗ ನನ್ನದಕ್ಕಿಂತ ಚೆನ್ನಾಗಿತ್ತು. ಹೊಟ್ಟೆಕಿಚ್ಚೂ ಆಯಿತು. ಅಷ್ಟರಲ್ಲಿ ಗೇಟಿನ ಹತ್ತಿರ ಅಧಿಕಾರಿಗಳ ಜೀಪು ನಿಂತಿತು. “ಆಮೇಲೆ ನೋಡೋಣ, ಆ ಕಂಬಕ್ಕೆ ಕಟ್ಟು” ಎಂದು ಹೇಳಿ ಓಡಿದೆ.

ಪಾಠಕ್ಕೆಂದು ಅಂಗಳದಲ್ಲಿ ಹಾಕಿದ್ದ, ಆ ಕಂಬದ ಪಕ್ಕದ ಬೆಂಚಿನ ಮೇಲೇ ನನ್ನ ಡ್ಯಾಮ್ ಇತ್ತು.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ಕುರಿ ಸಾಕುವವರು ಆಗಾಗ ಕುರಿಗಳಿಗೆ ಉಪ್ಪು ನೆಕ್ಕಿಸುತ್ತಾರೆ. ಹಾಲಪ್ಪನವರ ಮನೆಯಲ್ಲಿ ಅದಕ್ಕೆ ಬುಧವಾರವೇ ಆಗಬೇಕು. ಮಗಳ ಪ್ರಯೋಗದ ವಿಷಯ ತಿಳಿಯದ ಅವರು ಅಂದು ಬೆಳಗ್ಗೆ ಭೀಮನಿಗೂ ಒಂದು ಹಿಡಿ ನೆಕ್ಕಿಸಿದ್ದರು. ಹೊಟ್ಟೆ ಖಾಲಿ, ಬಾಯಿ ಉಪ್ಪು, ಎದುರಿಗೆ ಜಲಾಶಯ. ನೀವಾಗಿದ್ದರೆ ಬಿಡುತ್ತಿದ್ದಿರಾ?

ಅಧಿಕಾರಿಗಳಿಗೆ ಹಾರ ಹಾಕಿ ಕರೆದುಕೊಂಡು ಬರುವಷ್ಟರಲ್ಲಿ ಭೀಮ ಮುಂಗಾಲೆರಡನ್ನೂ ಬೆಂಚಿನ ಮೇಲಿಟ್ಟು ನೀರು ಮುಗಿಸಿದ್ದ. ಕೊಂಬು ತಾಗಿ ಕಟ್ಟೆ ಎರಡು ಹೋಳಾಗಿತ್ತು. ಈಗ ಎಡದಂಡೆಯ ಭತ್ತ ಮೇಯುತ್ತಿದ್ದ. ಬಲದಂಡೆ ಆಗಲೇ ಕಟಾವಾಗಿತ್ತು.

“ಎಲ್ರೀ ನಿಮ್ಮ ಜಲಾಶಯ?” ಎಂದರು ಅಧಿಕಾರಿ.

ನಾನು ಟಗರಿನ ಹೊಟ್ಟೆ ತೋರಿಸಿದೆ. ಇನ್ನೇನು ತೋರಿಸಲಿ?

ಪಾಠ ನೋಡಲು ಹಿಂದೆ ಕೂತಿದ್ದ ಹದಿನೈದು ಮಂದಿ ಮೇಷ್ಟ್ರುಗಳಲ್ಲಿ ಶಿವಾನಂದ ಕೆಮ್ಮಿದರು. ಆ ಕೆಮ್ಮಿನ ಅರ್ಥ ನನಗೆ ಗೊತ್ತಿತ್ತು. ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಆಗ ರೂಪಾ ಮೆಲ್ಲಗೆ ಅಂದಳು: “ಸಾ, ಚಕ್ರ ಚಲೋ ಐತಿ. ಮೋಟರೂ ಐತಿ. ನೀರೇ ತಿರುಗಿಸಬೇಕು ಅಂತೇನಿಲ್ಲಲ್ಲ ಸಾ?”

ನಾನು ಉತ್ತರ ಕೊಡುವ ಮೊದಲೇ ಕಂಬದಿಂದ ಹಗ್ಗ ಬಿಚ್ಚಿ, ಅದರ ಒಂದು ತುದಿಯನ್ನು ಚಕ್ರದ ನಡುವಿನ ಕಡ್ಡಿಗೆ ಹತ್ತಾರು ಸುತ್ತು ಸುತ್ತಿದಳು. ಇನ್ನೊಂದು ತುದಿ ಭೀಮನ ಕೊರಳಿಗೆ. “ಸಾ, ನೀವು ಬೆಂಚು ಗಟ್ಟಿ ಹಿಡಕಳ್ರಿ” ಎಂದಳು. ಹಿಡಿದುಕೊಂಡೆ. ಹತ್ತು ಮಾರು ದೂರದಲ್ಲಿ ಅವಳ ಗೆಳತಿ ಹುರುಳಿ ಬಕೆಟ್ಟನ್ನು ಒಮ್ಮೆ ಕುಲುಕಿದಳು.

ಆ ಭತ್ತದ ಶಕ್ತಿ ಅಷ್ಟು ಬೇಗ ಮೈಗೆ ಹತ್ತುತ್ತದೆಯೇ ಎಂದು ಕೇಳಬೇಡಿ. ಭೀಮನೂ ಕೇಳಲಿಲ್ಲ. ನುಗ್ಗಿದ. ಹಗ್ಗ ಬಿಚ್ಚಿಕೊಳ್ಳುತ್ತಾ ಚಕ್ರ ಗಿರ್ರೆಂದಿತು. ಕೊನೆಯ ಸುತ್ತು ಸಿಕ್ಕಿಹಾಕಿಕೊಂಡಿತು. ಬೆಂಚು ಹೊರಟಿತು. ಬೆಂಚಿನ ಜೊತೆ ನಾನೂ ಹೊರಟೆ. ರಾಸಾಯನಿಕ ಶಕ್ತಿ ಚಲನ ಶಕ್ತಿಯಾಯಿತು, ಧ್ವನಿಯಾಯಿತು, ನನ್ನ ಮೊಣಕಾಲಿನಲ್ಲಿ ಶಾಖವಾಯಿತು. ಪಠ್ಯಪುಸ್ತಕದ ಆ ಅಧ್ಯಾಯದಲ್ಲಿ ಯಾವ ರೂಪವೂ ಬಾಕಿ ಉಳಿದಂತೆ ಕಾಣಲಿಲ್ಲ.

ನಾನು ಬೆಂಚಿನ ಅಡಿಯಿಂದ ತಲೆ ಎತ್ತಿದಾಗ ಭೀಮ ಬಕೆಟ್ಟಿನಲ್ಲಿ ಮುಖವಿಟ್ಟಿದ್ದ. ಅವನ ಹಿಂದೆ ಹಗ್ಗದ ತುದಿಯಲ್ಲಿ ಚಮಚದ ಚಕ್ರ. ಅಧಿಕಾರಿಗಳು ಬಿದ್ದು ಬಿದ್ದು ನಗುತ್ತಿದ್ದರು. ಮಕ್ಕಳು “ಹತ್ತಿತು ಸಾ! ಹತ್ತಿತು!” ಎಂದು ಕೂಗುತ್ತಿದ್ದರು.

ಅದೇ ಈಗ ತಕರಾರು. ಅಂದಿನಿಂದ ಸ್ಟಾಫ್ ರೂಮಿನಲ್ಲಿ ಇದೇ ಚರ್ಚೆ. “ಮಕ್ಕಳು ಬಿಡ್ರಿ, ನೀವು ಹೇಳಿದ್ದಕ್ಕೆಲ್ಲಾ ಹೌದು ಸಾ ಅಂತಾವೆ. ನಾನು ನೋಡ್ಲಿಲ್ಲಪ್ಪ” ಎನ್ನುತ್ತಾರೆ ಶಿವಾನಂದ. “ಬಲ್ಬು ನೋಡ್ಲಿಲ್ಲ ಕಣ್ರಿ, ಟಗರು ನೋಡ್ತಿದ್ದೆ” ಎಂದು ಅಧಿಕಾರಿಗಳೂ ಫೋನಿನಲ್ಲಿ ಒಪ್ಪಿಕೊಂಡರು. ನ್ಯಾಯವೇ. ಟಗರು ಓಡುವಾಗ ಬಲ್ಬು ಯಾರು ನೋಡುತ್ತಾರೆ? ನಾನಂತೂ ಬೆಂಚಿನ ಅಡಿಗಿದ್ದೆ. ಇಷ್ಟು ವರ್ಷ ಮಕ್ಕಳಿಗೆ ‘ವೀಕ್ಷಿಸಿ, ದಾಖಲಿಸಿ’ ಎಂದು ಹೇಳಿಕೊಟ್ಟವನಿಗೆ ತನ್ನ ಬಲ್ಬನ್ನೇ ವೀಕ್ಷಿಸುವ ಯೋಗವಿಲ್ಲ. ಕತ್ತಲೆ ಮೇಷ್ಟ್ರು ಎಂಬ ಹೆಸರು ಇನ್ನೊಂದು ವರ್ಷಕ್ಕೆ ರಿನ್ಯೂವಲ್ ಆಗುವ ಲಕ್ಷಣವೇ ಕಂಡಿತು.

ನಿನ್ನೆ ಮಕ್ಕಳ ಪ್ರಯೋಗದ ಪುಸ್ತಕ ತಿದ್ದಲು ಕೂತಿದ್ದೆ, ಎದುರಿಗೆ ಶಿವಾನಂದ. ಎಲ್ಲ ಪುಸ್ತಕದಲ್ಲೂ ಭೀಮನ ಚಿತ್ರ. ಕೊಂಬು ದೊಡ್ಡದು, ನಾನು ಚಿಕ್ಕವನು. ರೂಪಾಳ ಪುಸ್ತಕದಲ್ಲಿ ಮಾತ್ರ ಟಗರೂ ಇಲ್ಲ, ನಾನೂ ಇಲ್ಲ. ‘ವೀಕ್ಷಣೆ’ ಎಂಬ ಜಾಗದಲ್ಲಿ ಒಂದೇ ಸಾಲು ಬರೆದಿದ್ದಳು. ನಾನು ಪುಸ್ತಕವನ್ನು ಶಿವಾನಂದರ ಕಡೆ ತಿರುಗಿಸಿದೆ, ಜೇಬಿನಿಂದ ಆ ಬಲ್ಬು ತೆಗೆದು ಎರಡು ಸೆಲ್ಲಿಗೆ ಹಿಡಿದು ಹತ್ತಿಸಿದೆ.

‘ಬಲ್ಬು ಎರಡು ಸೆಕೆಂಡು ಹತ್ತಿತು. ಕೆಂಪು.’