ನಾಕಾದಲ್ಲಿ ನಿಂತ ಮನೆ

ಮರ ಯಾವಾಗ ಮನೆಯಾಗುತ್ತದೆ ಎಂಬುದು ನನಗೆ ತಿಳಿದಿತ್ತು. ಅದಕ್ಕೊಂದು ಮುಹೂರ್ತವಿದೆ, ಹೋಮವಿದೆ, ಊಟವಿದೆ; ಊಟಕ್ಕೆ ಕರೆಯಲಿಲ್ಲವೆಂದು ಮುನಿಸಿಕೊಳ್ಳುವ ನೆಂಟರೂ ಇದ್ದಾರೆ. ಆದರೆ ಮನೆ ಯಾವಾಗ ತಿರುಗಿ ಮರವಾಗುತ್ತದೆ ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದನ್ನು ಯಲ್ಲಾಪುರದ ದಾರಿಯ ಒಂದು ಅರಣ್ಯ ನಾಕಾದಲ್ಲಿ, ಹಾಡುಹಗಲಲ್ಲಿ ಕಣ್ಣಾರೆ ನೋಡಿದೆ. ನೋಡಿ ವರ್ಷವಾಗುತ್ತ ಬಂದರೂ ಆಗ ಬಡಿದ ದಂಗು ಇನ್ನೂ ಇಳಿದಿಲ್ಲ. ಇಂಥ ಸಂಗತಿಗೆ ಉಪ್ಪುಖಾರ ಹಚ್ಚಿ ಬರೆಯುವ ಆಸೆಯೇನೋ ಆಗುತ್ತದೆ. ಹಚ್ಚುವುದಿಲ್ಲ, ಕಂಡಷ್ಟನ್ನು, ಕಂಡ ಕ್ರಮದಲ್ಲೇ ಹೇಳುತ್ತೇನೆ.

ಮನೆ ಖಾದರ ಸಾಬರದು. ಶಿರಸಿಯಿಂದ ಯಲ್ಲಾಪುರಕ್ಕೆ ಅವರ ಎರಡು ಮೋಟಾರುಗಳಿವೆ. ಒಂದು ತಾನೇ ಓಡುತ್ತದೆ, ಇನ್ನೊಂದನ್ನು ಪ್ರಯಾಣಿಕರು ಇಳಿದು ನೂಕುತ್ತಾರೆ. ಆ ಎರಡನೆಯದನ್ನು ನೂಕಿ ನೂಕಿಯೇ ನನಗೂ ಸಾಬರಿಗೂ ಸ್ನೇಹವಾದದ್ದು. ಮಾಗೋಡಿನ ಜಲಪಾತದ ಮೇಲಿನ ಗುಡ್ಡ ಸರಕಾರದ ರಿಜರ್ವು ಕಾಡು. ಜನ ಬಂದು ನೀರು ಬೀಳುವುದನ್ನು ನೋಡಿ ಹೋಗಲೆಂದು ಒಂದಿಷ್ಟು ಜಾಗವನ್ನು ಹಾಗೆಯೇ ಬಿಟ್ಟಿದ್ದರು. ಅದರ ಅಂಚಿನಲ್ಲಿ ಪೇಟೆಯ ಕೆಲವರಿಗೆ ಸಣ್ಣ ಬಂಗಲೆ ಕಟ್ಟಿಕೊಳ್ಳಲು ಲೀಸಿಗೂ ಕೊಟ್ಟಿದ್ದರು. ಕರಾರು ಸರಳ: ಜಾಗ ಸರಕಾರದ್ದು, ಮನೆ ನಿಮ್ಮದು. ನಿಂತ ಮರ ಕಡಿಯಬಾರದು, ಜನರ ದಾರಿಗೆ ಅಡ್ಡ ಬರಬಾರದು, ಲೀಸು ಮುಗಿದಾಗ ಮನೆ ಬಿಚ್ಚಿಕೊಂಡು ಜಾಗ ತೆರವು ಮಾಡಿಕೊಡಬೇಕು.

ಸಾಬರು ಕಾಡಿನ ಒಂದು ಕಡ್ಡಿಯನ್ನೂ ಮುಟ್ಟಲಿಲ್ಲ. ಸರಕಾರದ ಮರದ ಡಿಪೋದಿಂದ ನೇರವಾಗಿ ಸಾಗವಾನಿ, ಮತ್ತಿ ಕೊಂಡು ತಂದರು. ಡಿಪೋದ ಮಾಲಿಗೆ ಕಬ್ಬಿಣದ ಸುತ್ತಿಗೆಯಿಂದ ಸರಕಾರದ ಮುದ್ರೆ ಹೊಡೆದಿರುತ್ತಾರೆ. ಇದು ಕೊಂಡದ್ದು, ಕದ್ದದ್ದಲ್ಲ ಎಂದು ಮರವೇ ಸಾಕ್ಷಿ ಹೇಳಬೇಕು. ಆದರೆ ಸಾಬರು ನಯದ ಮನುಷ್ಯ. ಮೋಟಾರಿಗೆ ಧೂಳು ಕೂತರೂ ಸಹಿಸಿಯಾರು, ಮನೆಯ ಕಂಬದಲ್ಲಿ ಗುಳಿ ಇದ್ದರೆ ಸಹಿಸಲಾರರು. ಆಚಾರಿಯನ್ನು ಎದುರಿಗೆ ಕೂರಿಸಿಕೊಂಡು, “ಕನ್ನಡಿ ಬ್ಯಾಡ, ಇದ್ರಲ್ಲೇ ಗಡ್ಡ ನೋಡ್ಕೊಳ್ಳೂ ಹಂಗೆ ಆಗ್ಬೇಕು” ಎಂದು ಪ್ರತಿ ಕಂಬ, ಪ್ರತಿ ತೊಲೆಯನ್ನು ಹೆರೆಸಿದರು. ಮುದ್ರೆಗಳೆಲ್ಲ ತೆಳ್ಳನೆಯ ಸುರುಳಿಗಳಾಗಿ ಉದುರಿ, ಒಲೆ ಸೇರಿ, ಚಹಾ ಕುದಿಸಿದವು. ನಾವೆಲ್ಲ ಕುಡಿದು, ಕಂಬ ಸವರಿ, ಭೇಷ್ ಎಂದೆವು.

ಆ ಬಂಗಲೆಯ ಬಗ್ಗೆ ನನ್ನ ಮನಸ್ಸು ಎರಡಾಗಿತ್ತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಎಲ್ಲರದೂ ಆದ ಗುಡ್ಡದಲ್ಲಿ ಕೆಲವರಿಗಷ್ಟೇ ಜಗಲಿ ಯಾಕೆ ಎಂದು ಪೇಟೆಯಲ್ಲಿ ಮಾತಾಡುವವರ ಪೈಕಿ ನಾನೂ ಒಬ್ಬ. ಮಾಗೋಡಿಗೆ ಹೋದಾಗ ಆ ಜಗಲಿಯ ಮೇಲೆಯೇ ಬುತ್ತಿ ಬಿಚ್ಚಿ ಕೂರುವವರ ಪೈಕಿಯೂ ನಾನೊಬ್ಬ. ಸಾರ್ವಜನಿಕರ ಹಕ್ಕಿನ ಬಗ್ಗೆ ಆಲೋಚಿಸಲು ನೆರಳಿನಲ್ಲಿ ಅಷ್ಟು ಅನುಕೂಲವಾದ ಜಾಗ ಇನ್ನೊಂದಿರಲಿಲ್ಲ.

ಲೀಸು ಮುಗಿಯಿತು. ಇನ್ನು ಮುಂದೆ ಯಾರಿಗೂ ಕೊಡುವುದಿಲ್ಲ, ಗುಡ್ಡ ಪೂರ್ತಿ ಜನರಿಗೇ ಇರಲಿ ಎಂದಾಯಿತು. ನನಗೆ ಅದು ನ್ಯಾಯವೆನಿಸಿತು. ಆಶ್ಚರ್ಯವೆಂದರೆ ಸಾಬರಿಗೂ ಬೇಸರವಿರಲಿಲ್ಲ. ಅವರ ಮಗಳು ಜುಬೇದಾ, ಅಳಿಯ, ಕೂಸು ಶಿರಸಿಯಲ್ಲಿ ಒಂದು ಬಟ್ಟೆಯಂಗಡಿಯ ಹಿಂದಿನ ಒಂದೇ ಕೋಣೆಯಲ್ಲಿದ್ದರು. ಮಳೆಗಾಲದೊಳಗೆ ಅದನ್ನೂ ಬಿಡಬೇಕೆಂದು ಅಂಗಡಿಯವರು ಹೇಳಿಯಾಗಿತ್ತು.

“ಜಾಗ ಹೋದ್ರೆ ಎಂತ ಹೋತು ಮಾಸ್ತರ್ರೇ? ಮನೆ ನಮ್ದಲ್ವಾ?” ಎಂದರು ಸಾಬರು. “ಗಾಡಿ ಮೇಲೆ ಹೇರ್ಕೊಂಡು ಹೋಗೂದು, ಜುಬೇದಾಗೆ ಕಟ್ಟಿ ಕೊಡೂದು. ಮಳೆ ಬೀಳೂ ಮುಂಚೆ ಹಂಚು ಹೊದೆಸ್ತೆ.”

ಬಿಚ್ಚುವ ದಿನ ನಾನು ಹೋಗಿದ್ದೆ. ಮೊದಲು ಹಂಚು ಇಳಿಯಿತು, ಆಮೇಲೆ ಛಾವಣಿಯ ರೀಪು, ಪಕಾಸಿ, ಬಾಗಿಲು ಕಿಟಕಿ, ಕೊನೆಗೆ ಕಂಬ. ಸಾಬರ ಹೆಂಡತಿ ಒಂದೊಂದಕ್ಕೂ ಗೋಣಿತಾಟು ಸುತ್ತಿಸಿದರು, ನಯ ಹಾಳಾಗಬಾರದೆಂದು. ಗಾಡಿಗಳು ಸಾಲಾಗಿ ಹೊರಟವು. ನಾಕಾದ ಅಡ್ಡಗಂಬ ಕೆಳಗಿಳಿದಿತ್ತು.

“ಎಂತ ಮಾಲು ಸಾಬ್ರೇ?” ಎಂದ ಗಾರ್ಡು.

“ಮಾಲಲ್ವೋ, ಮನೆ.”

“ಹೌದಾ? ಬಾಗ್ಲು ಎಲ್ಲಿ ಅದೆ? ಬಡ್ದು ಒಳಗೆ ಹೋಗ್ತೆ.”

“ಹಿಂದಿನ ಗಾಡೀಲಿ ಅದೆ ಹೋಗು. ಬೀಗ ಹಾಕಿದ್ರೆ ಕಿಟಕಿ ಅದರ ಮೇಲೇ ಅದೆ.”

ಎಲ್ಲರೂ ನಕ್ಕೆವು. ಗಾರ್ಡು ನಗುತ್ತಲೇ ಗೋಣಿತಾಟು ಸರಿಸಿ ಕಂಬದ ಮೇಲೆ ಅಂಗೈ ಆಡಿಸಿದ. ಇನ್ನೊಂದು ಮಗ್ಗುಲು ನೋಡಿದ. ತುದಿ ನೋಡಿದ. ಬೇರೆ ಕಂಬ ನೋಡಿದ. ಅವನ ನಗು ನಿಂತುಹೋಗಿತ್ತು.

“ಮುದ್ರೆ ಎಲ್ಲಿ ಅದೆ ಸಾಬ್ರೇ?”

“ಹೆರೆಸಿದೆ.”

“ಹೆರೆಸಿದ್ರಾ! ಯಾರು ಹೆರೆಸೂಕೆ ಹೇಳಿದ್ರು?”

“ಯಾರು ಹೇಳ್ಬೇಕೋ? ಮನೆ ಕಂಬಕ್ಕೆ ಎಮ್ಮೆ ಹಂಗೆ ಬರೆ ಇಟ್ಕೊಂಡು ಇರೂಕಾಗ್ತದಾ?”

ರೇಂಜರು ಬಂದರು. ಒರಟರಲ್ಲ; ನಮಗೆ ಕುರ್ಚಿ ಹಾಕಿಸಿದರು, ನೀರು ತರಿಸಿದರು. ಆಮೇಲೆ ತಗ್ಗಿದ ದನಿಯಲ್ಲಿ ವಿವರಿಸಿದರು. ನಿಂತಿರುವ ತನಕ ಅದು ಮನೆ, ಸಾಬರದು. ಬಿಚ್ಚಿದ ಮೇಲೆ ಅದು ಮರ. ರಿಜರ್ವು ಕಾಡಿನೊಳಗಿಂದ ಮುದ್ರೆ ಇಲ್ಲದ ಮರ ಹೊರಬಂದರೆ ಅದು ಸರಕಾರದ್ದೆಂದೇ ತಿಳಿಯಬೇಕು. ಸಾಗಿಸಲು ಪಾಸು ಕೊಡುವ ಅಧಿಕಾರ ತಮಗಿಲ್ಲ, ಜಪ್ತಿ ಮಾಡಲೇಬೇಕು.

“ಸ್ವಾಮಿ, ನೀವೇ ನಮ್ಮ ಜಗಲಿ ಮೇಲೆ ಕೂತು ಚಾ ಕುಡಿದಿದ್ರಿ,” ಎಂದರು ಸಾಬರು.

“ಕುಡಿದಿದ್ದೇನೆ. ಆದರೆ ಜಗಲಿ ಈಗ ಎಲ್ಲಿದೆ ತೋರಿಸಿ.”

ಅವರು ಅದನ್ನು ಕುಹಕಕ್ಕೆ ಹೇಳಲಿಲ್ಲ. ತೋರಿಸಿದರೆ ನಿಜವಾಗಿಯೂ ಬಿಟ್ಟುಬಿಡುತ್ತಿದ್ದರು ಎಂಬಂತೆ ಗಾಡಿಗಳ ಕಡೆ ನೋಡಿದರು. ನಾವೂ ತಿರುಗಿ ನೋಡಿದೆವು. ಜಗಲಿ ಇರಲಿಲ್ಲ. ಹಲಗೆಗಳಿದ್ದವು.

ಚಿಕ್ಕಂದಿನಲ್ಲಿ ನನಗೆ ತರ್ಕ ಹೇಳಿಕೊಟ್ಟ ಶಾಸ್ತ್ರಿಗಳು ಮಡಕೆಯೊಂದನ್ನು ಹಿಡಿದುಕೊಂಡೇ ತಿಂಗಳುಗಟ್ಟಲೆ ಪಾಠ ಮಾಡುತ್ತಿದ್ದರು: ಮಡಕೆ ಬೇರೆಯೋ, ಅದರ ಚೂರುಗಳು ಬೇರೆಯೋ, ಒಡೆದಾಗ ಮಡಕೆ ಎಲ್ಲಿಗೆ ಹೋಯಿತು? ಹೊಟ್ಟೆ ತುಂಬಿದವರ ಚರ್ಚೆ ಎಂದು ನಾವು ಹಿಂದೆ ಕೂತು ಕಿಸಕ್ಕೆನ್ನುತ್ತಿದ್ದೆವು. ಆ ದಿನ ಮರಳುವಾಗ ದಾರಿಯುದ್ದಕ್ಕೂ ಅದೇ ತಲೆ ತಿಂದಿತು. ನಾನು ಅಲ್ಲೇ ನಿಂತಿದ್ದೆನಲ್ಲ! ಹಂಚು ಇಳಿದಾಗ ಅದು ಮನೆಯೇ ಆಗಿತ್ತು. ಬಿಸಿಲು ಬೀಳುತ್ತಿತ್ತು, ಅಷ್ಟೇ. ಪಕಾಸಿ ಇಳಿದಾಗಲೂ ಸಾಬರ ಹೆಂಡತಿ ಒಳಕೋಣೆಯಿಂದ ಯಾರನ್ನೋ ಕೂಗಿದ್ದರು. ಒಳಕೋಣೆ ಇತ್ತು ಎಂದಾಯಿತು. ಹಾಗಾದರೆ ಯಾವ ಮೊಳೆ ಕಿತ್ತಾಗ ಅದು ಸಾಬರ ಕೈಬಿಟ್ಟಿತು? ಒಂದು ಸದ್ದೂ ಕೇಳಲಿಲ್ಲ. ಇದೇ ವರ್ಷಗಳಲ್ಲಿ ಶಿರಸಿ ಸಿದ್ದಾಪುರದ ಕಡೆ ಖಾದಿ ಟೊಪ್ಪಿಯವರು ಕಾಡಿನ ಕಾನೂನು ಮುರಿದು ಹಾರ ಹಾಕಿಸಿಕೊಂಡು ಜೈಲಿಗೆ ಹೋದರು. ಕಾನೂನನ್ನು ಚಾಚೂ ತಪ್ಪದೆ ಪಾಲಿಸಿದ ಸಾಬರು ಹಾರವಿಲ್ಲದೆ ಬರಿಗೈಯಲ್ಲಿ ಮನೆಗೆ ಬಂದರು.

ನಾನು ಮನೆಗೆ ಬಂದವನೇ ನಮ್ಮ ಕಂಬಗಳನ್ನು ಸವರುತ್ತ ಸುತ್ತಿದೆ. ಹೆಂಡತಿ ನೋಡಿದಳು.

“ಎಂತ ಹುಡುಕ್ತಾ ಇದ್ರಿ?”

“ಮುದ್ರೆ. ಇದು ನಮ್ಮದು ಎನ್ನುವುದಕ್ಕೆ ಗುರುತು ಬೇಕಲ್ಲ.”

“ಮದುವೆಯಾಗಿ ಬಂದಾಗಿಂದ ಆನು ಅದಕ್ಕೇ ಒರಗಿ ಕೂರ್ತೆ. ಅಷ್ಟು ಗುರುತು ಸಾಲ್ತಿಲ್ಯ?”

ಸಾಲುವುದಿಲ್ಲ ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ಸಾಬರು ಅರ್ಜಿ ಕೊಟ್ಟರು. ಅಲೆದರು. ಡಿಪೋದ ಹಳೆಯ ರಸೀದಿಯನ್ನೂ ತೋರಿಸಿದರು. ಅದರಲ್ಲಿ ಮುದ್ರೆಯುಳ್ಳ ಮರವೆಂದಿತ್ತು, ಇದು ಮುದ್ರೆಯಿಲ್ಲದ ಮರ, ಆದ್ದರಿಂದ ಅದು ಬೇರೆ ಇದು ಬೇರೆ ಎಂಬ ಉತ್ತರ ಬಂತು. ನನ್ನ ಶಾಸ್ತ್ರಿಗಳು ಬದುಕಿದ್ದರೆ ಮೆಚ್ಚುತ್ತಿದ್ದರು. ದಿಗಂತದಲ್ಲಿ ಮೋಡ ಕಾಣಿಸಿಕೊಳ್ಳುವ ಹೊತ್ತಿಗೆ, ಜಪ್ತಿಯಾದ ಮರ ಡಿಪೋದಲ್ಲಿ ಹರಾಜಿಗೆ ಬಂತು.

ವ್ಯಾಪಾರಿಗಳು ಸೇರಿದ್ದರು. ಸಾಬರು ತಮ್ಮ ಮನೆಗೆ ತಾವೇ ಕೂಗಿದರು. ಅಷ್ಟರಲ್ಲಿ ದಾಸನಕೊಪ್ಪದಿಂದ ಬಂದ ವ್ಯಾಪಾರಿಯೊಬ್ಬ ಮೇಲಕ್ಕೆ ಕೂಗಿದ. ಜುಬೇದಾಳ ಸೂರು ಆ ಒಂದು ಕೂಗಿನಲ್ಲಿ ತೂಗುತ್ತಿತ್ತು. ಪಕ್ಕದವನು ಅವನ ಅಂಗಿ ಜಗ್ಗಿದ.

“ಅದು ಅವ್ರ ಮನಿ ಮಾರಾಯಾ!”

“ಮನಿನಾ? ನಾ ಕಟಿಗಿ ಅನ್ಕೊಂಡ್ನೆಲ್ಲೋ! ಮೊದ್ಲ ಹೇಳಬಾರ್ದೇನ್ರಿ?” ಎಂದು ಆತ ಹೆಗಲ ಮೇಲಿನ ವಸ್ತ್ರ ಕೊಡವಿಕೊಂಡು ಹಿಂದೆ ಸರಿದ. ರೇಂಜರು ಅಷ್ಟು ವಿವರಿಸಿಯೂ ನಮಗೆ ತಿಳಿಯದ ವ್ಯತ್ಯಾಸ ಅವನಿಗೆ ಒಂದೇ ಮಾತಿಗೆ ತಿಳಿಯಿತು. ಮತ್ತೆ ಯಾರೂ ಬಾಯಿ ಬಿಡಲಿಲ್ಲ. ಸಾಬರ ಮನೆ ಸಾಬರಿಗೇ ಆಯಿತು.

ಇನ್ನು ಉಳಿದದ್ದು ಮುದ್ರೆ. ಅದೇ ಗಾರ್ಡು ಸುತ್ತಿಗೆ ಹಿಡಿದು ಬಂದ. ಕಂಬದ ಬುಡದ ಕಡೆ ಬಗ್ಗಿ, ಯಾರಿಗೂ ಕೇಳದ ಹಾಗೆ ಹೇಳಿದ: “ಅಡೀಲಿ ಹೊಡಿತೆ ಸಾಬ್ರೇ. ಕಲ್ಲಿನ ಮೇಲೆ ಕೂತ್ರೆ ಕಾಣೂದಿಲ್ಲ.”

“ಬ್ಯಾಡ,” ಎಂದರು ಸಾಬರು.

ತಾವೇ ಮಂಡಿಯೂರಿ ಕೂತು ಕಂಬವನ್ನು ಹೊರಳಿಸಿದರು. ಎಲ್ಲಕ್ಕಿಂತ ನಯವಾದ ಮಗ್ಗುಲು ಮೇಲೆ ಬರುವಂತೆ ಇಟ್ಟು, ಶಾಲಿನಿಂದ ಧೂಳೊರೆಸಿ, ಎದೆಮಟ್ಟಕ್ಕೆ ಬರುವ ಜಾಗದಲ್ಲಿ ಬೆರಳಿಟ್ಟು ತೋರಿಸಿದರು. “ಇಲ್ಲಿ. ಬಾಗ್ಲಿಗೆ ಬಂದವ್ರಿಗೆ ಮೊದ್ಲು ಇದೇ ಕಾಣ್ಬೇಕು.”

ಸುತ್ತಿಗೆ ಬಿತ್ತು. ನಾನು ಮುಖ ಆಚೆ ತಿರುಗಿಸಿದೆ. ತಿರುಗಿ ನೋಡುವಾಗ ಸಾಬರು ಬಗ್ಗಿ, ಆ ಗುಳಿಯೊಳಗೆ ಹೆಬ್ಬೆರಳು ಆಡಿಸಿ ಆಳ ನೋಡುತ್ತಿದ್ದರು.

“ಇನ್ನೊಂದು ಕೊಡೋ,” ಎಂದರು. “ಇದು ಸರಿಯಾಗಿ ಇಳಿಲಿಲ್ಲ.”