ಸೋಡಾ ಅಂದರೆ ಬಿಡಿ

ಮಕ್ಕಳೇ, ನಾನು ದ್ರಾಕ್ಷಿ ತೋಟದ ಹೆಣ್ಣಾಳುಗಳ ಗ್ಯಾಂಗಿಗೆ ಮುಕಾದಮಳು, ಅಂದರೆ ಮೇಸ್ತ್ರಿ, ಆದದ್ದು ಜಾಣತನದಿಂದಲ್ಲ, ಮರಾಠಿಯಿಂದ. ನನ್ನ ತವರು ನಿಪ್ಪಾಣಿ ಕಡೆಯದು. ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನೂ ಓಣಿಯ ಹೆಂಗಸರ ಜೊತೆ ಟೆಂಪೊ ಹತ್ತಿ, ಕುಡಚಿ ದಾಟಿ ಕಾಗವಾಡದ ತೋಟಗಳಿಗೆ ಹೋಗತೊಡಗಿದೆ. ಎಲ್ಲರಿಗೂ ಮರಾಠಿ ತಿಳಿಯುತ್ತಿತ್ತು, ಆದರೆ ಮಾಲಕರ ಜೊತೆ ವಾದಿಸುವಷ್ಟು ಅಲ್ಲ. ಹಾಗಾಗಿ ನನ್ನನ್ನು ಮುಂದೆ ದೂಡಿದರು.

ನಾಲ್ಕು ಜನರೆದುರು ಬಾಯಿ ತೆರೆಯಲು ಹೆದರುವವಳು ನಾನು. ಮಾಲಕರ ಮುಖ ನೋಡದೆ ಬಳ್ಳಿ ನೋಡುತ್ತ ಮಾತಾಡುತ್ತಿದ್ದೆ. ಬರಬರುತ್ತ ದನಿ ಗಟ್ಟಿಯಾಯಿತು. ಕೈಗೆ ಫೋನ್ ಬಂತು, ಕತ್ತರಿ ಚೀಲ ಸೇರಿತು. ಬದುವಿನ ಮೇಲೆ ನಿಂತು ಕೂಗಿದರೆ ಇಡೀ ಗ್ಯಾಂಗು ಕೇಳುತ್ತಿತ್ತು. ಅದು ನನಗೆ ಹಿತವಾಗಿಯೇ ಇತ್ತು.

ಆ ದಿನ ಹೆಚ್ಚಾದ ಗೊಂಚಲು ಕತ್ತರಿಸುವ ಕೆಲಸ. ಕೆಲವು ಸಾಲಿಗೆ ಕಪ್ಪು ಚುಕ್ಕೆ ಬಿದ್ದಿದೆ, ಅಲ್ಲಿನ ಗೊಂಚಲು ಪೂರ್ತಿ ತೆಗೆಯಬೇಕು, ಯಾವ ಸಾಲೆಂದು ಫೋನಿನಲ್ಲಿ ಹೇಳುತ್ತೇನೆ ಎಂದು ಮಾಲಕರು ಅಥಣಿಗೆ ಹೋಗಿದ್ದರು. ಫೋನ್ ಬಂದಾಗ ಪಕ್ಕದ ತೋಟದಲ್ಲಿ ಔಷಧ ಹೊಡೆಯುವ ಯಂತ್ರ ಅಬ್ಬರಿಸುತ್ತಿತ್ತು. “ಮಾವಶಿ, ಖಾಲಚೀ ಓಳ ತೋಡಾ” ಎಂದು ನನಗೆ ಕೇಳಿಸಿತು. ಅಂದರೆ, ಚಿಕ್ಕಮ್ಮಾ, ಕೆಳಗಿನ ಸಾಲು ಕತ್ತರಿಸಿ.

“ಕೆಳಗಿನ ಸಾಲ ಪೂರಾ ಕತ್ತರಿಸ್ರಿ! ಒಂದೂ ಗೊಂಚಲ ಉಳಸಬ್ಯಾಡ್ರಿ!” ಎಂದು ಕೂಗಿದೆ. ಕತ್ತರಿಗಳು ಸದ್ದು ಮಾಡತೊಡಗಿದವು.

ಸ್ವಲ್ಪ ಹೊತ್ತಿಗೆ ನನ್ನ ನೆಗೆಣ್ಣಿ, ಅಂದರೆ ನಿಮ್ಮ ದೊಡ್ಡಜ್ಜಿ, ಸಾಲಿನೊಳಗಿಂದ ಕೇಳಿದಳು: “ಯಾಕ ಬೇ, ನೋಡಿ ಹೇಳಾಕತ್ತಿಯೋ, ಕೇಳಿ ಹೇಳಾಕತ್ತಿಯೋ?”

“ಮಾಲಕರು ಹೇಳ್ಯಾರ.”

“ಮಾಲಕರು ಅಥಣ್ಯಾಗ ಅದಾರ. ನೀ ಇಲ್ಲೇ ಅದೀಯಲ್ಲ, ಇಳದ ಬಾ.”

ಇಳಿದು ಹೋಗಿ ಒಂದು ಗೊಂಚಲು ಕೈಗೆತ್ತಿಕೊಂಡೆ. ಕಾಳು ಬಿಗಿ. ಒಂದು ಚುಕ್ಕೆಯಿಲ್ಲ. ಇನ್ನೊಂದು, ಮತ್ತೊಂದು, ಯಾವುದರಲ್ಲೂ ಇಲ್ಲ. ಕಾಲ ಕೆಳಗೆ ಹಸಿರು ರಾಶಿ. ಮಾಲಕರಿಗೆ ಫೋನ್ ಮಾಡಿದೆ.

“ಸೋಡಾ ಮ್ಹಟ್ಲಂ ಮಾವಶಿ, ಸೋಡಾ!” ಎಂದು ಅವರು ಚೀರಿದರು. ನಾನು ಕೇಳಿಸಿಕೊಂಡದ್ದು ತೋಡಾ, ಅವರು ಅಂದದ್ದು ಸೋಡಾ. ಸೋಡಾ ಅಂದರೆ ಬಿಡಿ. ಚೆನ್ನಾಗಿರುವ ಸಾಲು, ಮುಟ್ಟಬೇಡಿ ಎಂದಿದ್ದರು.

ಕೂಡಲೇ ಕೂಗಿ ಕತ್ತರಿಗಳನ್ನು ನಿಲ್ಲಿಸಿದೆ. ತಪ್ಪು ಕೇಳಿಸುವುದು ಯಾರಿಗೂ ಆಗಬಹುದು. ನನ್ನನ್ನು ಬೆಚ್ಚಿಬೀಳಿಸಿದ್ದು ಅದಲ್ಲ. ಕತ್ತರಿ ಕೈಯಲ್ಲಿದ್ದ ಕಾಲದಲ್ಲಿ ಮಾಲಕರೇ ಎದುರು ನಿಂತು ಕತ್ತರಿಸು ಎಂದರೂ ಇಂಥ ಗೊಂಚಲ ಮೇಲೆ ನನ್ನ ಬೆರಳು ಏಳುತ್ತಿರಲಿಲ್ಲ. ಆ ಬೆರಳು ಯಾವಾಗ ಹೋಯಿತು? ನನಗೇ ಗೊತ್ತಾಗಿರಲಿಲ್ಲ.

ಮಾಲಕರು ಅಥಣಿಯಿಂದ ಹೊರಟರು. ಈ ತೋಟ ಕೈಬಿಟ್ಟರೆ ಇಡೀ ಗ್ಯಾಂಗಿಗೆ ಆ ಸುಗ್ಗಿ ಕೆಲಸವಿಲ್ಲ. ಅವರು ಬಂದೊಡನೆ ನಾನೇ ಮುಂದೆ ಹೋದೆ, ಮೊದಲ ಸಲ ಮುಖ ನೋಡಿಯೇ ಹೇಳಿದೆ: “ನಾನು ಹೇಳಿದ್ದಕ್ಕೆ ಅವರು ಕತ್ತರಿಸಿದರು. ಕಳಿಸುವುದಾದರೆ ನನ್ನೊಬ್ಬಳನ್ನು ಕಳಿಸಿ.”

ಅವರು ಸಾಲಿನುದ್ದಕ್ಕೂ ನಡೆದು ಬಂದರು. ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಹೆಂಗಸರ ಕಡೆ ತಿರುಗಿ ಕನ್ನಡದಲ್ಲೇ ಕೇಳಿದರು: “ನಾಳಿಂದ ಮುಕಾದಮ ಯಾರು?”



“ಆಕೀನರೀ,” ಎಂದಳು ನೆಗೆಣ್ಣಿ. “ಆದ್ರ ಬದುವಿನ ಮ್ಯಾಲೆ ಅಲ್ಲ, ಸಾಲಿನ್ಯಾಗ.”

ಮಾಲಕರು ತಲೆಯಾಡಿಸಿ ಹೋದರು. ನಾನು ಚೀಲದಿಂದ ಕತ್ತರಿ ತೆಗೆದೆ. ತಿರುಗಣೆ ತುಕ್ಕು ಹಿಡಿದು ಬಿಗಿಯಾಗಿತ್ತು, ಬೆರಳು ಅದಕ್ಕಿಂತ ಬಿಗಿ. ನಾನು ಎರಡನೇ ಬಳ್ಳಿಯಲ್ಲಿರುವಾಗ ಉಳಿದವರು ಎಷ್ಟೋ ಮುಂದೆ ಹೋಗಿದ್ದರು. ಅಲ್ಲಿಂದ ಯಾರೋ ಕೂಗಿದರು: “ಮುಕಾದಮಬಾಯಿ, ದಣಿವಾತೇನ್ರಿ? ಕುಡಿಯೂ ಸೋಡಾ ತರಸೂಣೇನು?”

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಚೀಲದಲ್ಲಿ ಫೋನ್ ಬಡಿದುಕೊಳ್ಳುತ್ತಿತ್ತು. ಕೈಯಲ್ಲಿದ್ದ ಗೊಂಚಲನ್ನು ತಿರುಗಿಸಿ ತಿರುಗಿಸಿ ನೋಡಿ ಮುಗಿಸಿದ ಮೇಲೆಯೇ ಫೋನ್ ಎತ್ತಿದೆ.