ಬಾಡಿಗೆ ಮನೆಯ ಜೊತೆಗೊಂದು ಸ್ಕೂಲ್ ಸೀಟು

ಮಗಳನ್ನು ಒಂದನೇ ತರಗತಿಗೆ ಸೇರಿಸುವ ಹೊತ್ತಿಗೆ ನಾವು ಬ್ಯಾಡರಹಳ್ಳಿಯಲ್ಲಿದ್ದೆವು. ಗಾಳಿ ಬೆಳಕಿದ್ದ ಮನೆ, ಕೈಗೆಟುಕುವ ಬಾಡಿಗೆ. ಆದರೆ ನನ್ನ ಗಂಡನ ತಲೆಯಲ್ಲಿ ಬಸವೇಶ್ವರನಗರದ ಒಂದು ಸ್ಕೂಲು ಕೂತುಬಿಟ್ಟಿತ್ತು. ಹತ್ತಿರ ಮನೆಯಿರುವವರಿಗೆ ಅಲ್ಲಿ ಮೊದಲು ಸೀಟು ಎಂದು ಯಾರೋ ಹೇಳಿದ್ದರಂತೆ. ಯಾರು ಎಂದು ಕೇಳಿದರೆ, "ಎಲ್ರೂ ಹೇಳ್ತಾರೆ ಕಣೇ" ಎನ್ನುತ್ತಿದ್ದರು. ಎಲ್ಲರೂ ಹೇಳುವ ಮಾತೆಂದರೆ ನನಗೆ ಮೊದಲಿನಿಂದಲೂ ಅನುಮಾನ.

ಒಂದು ಭಾನುವಾರ ಬ್ರೋಕರ್ ನಮ್ಮನ್ನು ಆ ಸ್ಕೂಲಿನ ಹಿಂದಿನ ರಸ್ತೆಯ ಕಟ್ಟಡವೊಂದಕ್ಕೆ ಕರೆದೊಯ್ದ. ಅಡುಗೆಮನೆಯಲ್ಲಿ ಹಗಲಲ್ಲೇ ಲೈಟು ಹಾಕಬೇಕಿತ್ತು. ರೂಮಿನಲ್ಲಿ ಮಂಚ ಹಾಕಿದರೆ ಬೀರುವಿನ ಬಾಗಿಲು ತೆಗೆಯಲಾಗುತ್ತಿರಲಿಲ್ಲ. ಬಾಡಿಗೆ ಮಾತ್ರ ನಾವು ಕೊಡುತ್ತಿದ್ದುದರ ಹೆಚ್ಚುಕಮ್ಮಿ ಎರಡರಷ್ಟು. ಮಾಲೀಕರು ವಯಸ್ಸಾದವರು, ಆ ಜಾಗವೆಲ್ಲ ಹಿಂದೆ ಅವರ ಮನೆತನದ ರಾಗಿ ಹೊಲವಾಗಿತ್ತಂತೆ. ನನ್ನ ಮಗಳ ತಲೆ ಸವರಿ ಅವರು ಹೇಳಿದರು:

"ಬಾಡ್ಗೆ ಜಾಸ್ತಿ ಅಂತ ನೋಡ್ಬೇಡಿ ಕಣಮ್ಮ. ಈ ಅಡ್ರೆಸ್ ಇದ್ರೆ ಸೀಟು ಗ್ಯಾರಂಟಿ. ಸ್ಕೂಲ್ನೋರು ನಮಗೆ ಬೇಕಾದೋರು."

"ಹಾಗಂತ ಸ್ಕೂಲ್ನೋರು ಹೇಳಿದಾರಾ ಸಾರ್?"

"ಅವ್ರೇನ್ ಹೇಳೋದು? ನಾನ್ ಹೇಳ್ತಿಲ್ವಾ?"

ಗಂಡ ಅಡ್ವಾನ್ಸ್ ಕಳಿಸಲು ಆಗಲೇ ಫೋನ್ ತೆಗೆದಿದ್ದರು. ಯೋಚನೆ ಮಾಡಿ ಹೇಳುತ್ತೇವೆ ಎಂದು ನಾನೇ ಮೆಟ್ಟಿಲಿಳಿದೆ. ದಾರಿಯುದ್ದಕ್ಕೂ ಸ್ಕೂಟರ್ ಮೇಲೆ ಜಗಳ. "ಮಗು ಭವಿಷ್ಯದ ವಿಷ್ಯದಲ್ಲೂ ಅನುಮಾನನಾ ನಿಂಗೆ?" ಎಂದರು.

ಮಂಗಳವಾರ ಬೆಳಿಗ್ಗೆ ಅವರಿಗೆ ಹೇಳದೆ ಬಸ್ಸು ಹತ್ತಿ ಹೋಗಿ, ಆ ಕಟ್ಟಡದ ಎದುರಿನ ಹಾಲಿನ ಬೂತಿನ ಬಳಿ ನಿಂತೆ. ಆ ಸ್ಕೂಲಿನ ಯೂನಿಫಾರ್ಮ್ ಕಡುಹಸಿರು. ತಿರುವಿನಲ್ಲಿ ಆ ಬಣ್ಣದ ಮಕ್ಕಳು ಕಾರುಗಳಿಂದ, ಆಟೋಗಳಿಂದ ಇಳಿದು ಗೇಟಿನೊಳಗೆ ಹೋಗುತ್ತಿದ್ದರು. ಕಟ್ಟಡದಿಂದಲೂ ಮಕ್ಕಳು ಇಳಿಯತೊಡಗಿದರು. ಒಬ್ಬಳದು ನೀಲಿ ಚೌಕಳಿ, ಇನ್ನೊಬ್ಬನದು ಕಂದು. ಒಂದು ವ್ಯಾನಿನ ಮೇಲೆ ನಾಗರಬಾವಿಯ ಸ್ಕೂಲಿನ ಹೆಸರಿತ್ತು, ಇನ್ನೊಂದರ ಮೇಲೆ ಕೆಂಗೇರಿಯದು. ಒಂದೇ ಒಂದು ಹಸಿರು ಬಟ್ಟೆಯೂ ಆ ಮೆಟ್ಟಿಲಿಳಿಯಲಿಲ್ಲ.

ಮಗನನ್ನು ವ್ಯಾನು ಹತ್ತಿಸಿ ಹಾಲು ಕೊಳ್ಳಲು ಬಂದ ಒಬ್ಬಾಕೆಯನ್ನು ಕೇಳಿದೆ: "ಪಕ್ಕದಲ್ಲೇ ಸ್ಕೂಲಿದ್ಯಲ್ಲ, ಇಲ್ಲಿಗೆ ಹಾಕ್ಲಿಲ್ವಾ?"

"ಅದಕ್ಕೇ ಅಲ್ವಾ ಇಲ್ಲಿ ಮನೆ ಮಾಡಿದ್ದು! ಲಿಸ್ಟಲ್ಲಿ ಹೆಸ್ರು ಬರ್ಲಿಲ್ಲ. ಮುಂದಿನ್ ವರ್ಷ ಆಗತ್ತೆ ಅಂತ ಓನರ್ ಹೇಳ್ತಾನೇ ಇದಾರೆ." ಆಕೆ ನಕ್ಕರು. "ಈಗ ಮತ್ತೆ ಸಾಮಾನೆಲ್ಲ ಎತ್ಕೊಂಡು ಎಲ್ಲಿಗ್ ಹೋಗ್ಲಿ?"

ಅಷ್ಟರಲ್ಲಿ ಪುಟ್ಟ ಬ್ಯಾಗೊಂದನ್ನು ಹೆಗಲಿಗೆ ಹಾಕಿಕೊಂಡು ಮಾಲೀಕರೇ ಇಳಿದು ಬಂದರು. ಕೈ ಹಿಡಿದುಕೊಂಡು ಮೊಮ್ಮಗಳು, ಅವಳದ್ದೂ ನೀಲಿ ಚೌಕಳಿ. ಅವಳನ್ನು ವ್ಯಾನಿಗೆ ಹತ್ತಿಸಿ ತಿರುಗಿದಾಗ ನಾನು ಕಣ್ಣಿಗೆ ಬಿದ್ದೆ.

"ಏನಮ್ಮ, ಮನೆ ಇನ್ನೊಂದ್ಸಲ ನೋಡೋಕಾ?"

"ನಿಮ್ ಮೊಮ್ಮಗಳಿಗೂ ಇಲ್ಲಿ ಸೀಟು ಸಿಗ್ಲಿಲ್ವಾ ಸಾರ್?"

ಅವರು ವ್ಯಾನು ಹೋದ ದಿಕ್ಕನ್ನೇ ನೋಡುತ್ತಾ ನಿಂತರು. "ಆಗ್ಲಿಲ್ಲ. ಒಂದ್ ಕಾಲ್ದಲ್ಲಿ ಆ ಸ್ಕೂಲಿರೋ ಜಾಗಾನೂ ನಮ್ ಹೊಲಾನೇ. ನಮ್ ಮಾತ್ ನಡೀತದೆ ಅನ್ಕೊಂಡಿದ್ದೆ" ಎಂದರು.

ದನಿ ತಗ್ಗಿತ್ತು. ಪಾಪ ಅನ್ನಿಸಿತು. ಬಸ್ಸಿನಲ್ಲಿ ಕೂತ ಮೇಲೆ, ಸೀಟು ಗ್ಯಾರಂಟಿ ಎಂಬ ಮಾತನ್ನು ಇನ್ನೆಷ್ಟು ಜನರಿಗೆ ಹೀಗೇ ಹೇಳಿದ್ದಾರೋ ಎಂದೂ ಅನ್ನಿಸಿತು.

ನಾನು ಹೇಳಿದ್ದನ್ನು ಗಂಡ ನಂಬಲಿಲ್ಲ. ತಾವೇ ಸ್ಕೂಲಿಗೆ ಫೋನ್ ಮಾಡಿದರು. ಹತ್ತಿರ ದೂರ ಅಂತೇನೂ ಲೆಕ್ಕವಿಲ್ಲ, ಎಲ್ಲರಂತೆ ಅಪ್ಲಿಕೇಶನ್ ಹಾಕಿ ಎಂದರಂತೆ. ಹಾಕಿದೆವು. ಸೀಟು ಸಿಗಲಿಲ್ಲ.

ಮಗಳು ನಮ್ಮ ರಸ್ತೆಯಾಚೆಯ ಸಣ್ಣ ಸ್ಕೂಲಿಗೆ ಸೇರಿದಳು. ಅದರ ಮೇಲೂ ನನಗೆ ನಂಬಿಕೆ ಇರಲಿಲ್ಲ. ಇಷ್ಟು ಸುಲಭವಾಗಿ ಸೀಟು ಕೊಟ್ಟರಲ್ಲ, ಯಾಕಿರಬಹುದು? ಒಂದು ಮಧ್ಯಾಹ್ನ ಕಾಂಪೌಂಡಿನ ಮೇಲಿಂದ ಇಣುಕುತ್ತಿದ್ದಾಗ ಅವಳ ಟೀಚರ್ ಕಣ್ಣಿಗೇ ಬಿದ್ದೆ.

"ಅಲ್ಯಾಕ್ ನಿಂತ್ಕೊಂಡ್ರಿ? ಒಳಗ್ ಬಂದು ಕೂತ್ಕೊಳಿ" ಎಂದು ಕೊನೆಯ ಬೆಂಚು ತೋರಿಸಿದರು.

ಕೂತೆ. ಓದಲು ತಡವರಿಸುತ್ತಿದ್ದ ಮಗುವಿನ ಪಕ್ಕದಲ್ಲಿ ಅವರು ಮಂಡಿಯೂರಿ, ಅದೇ ಸಾಲನ್ನು ಮತ್ತೆ ಮತ್ತೆ ಓದಿಸಿದರು. ದನಿ ಒಮ್ಮೆಯೂ ಏರಲಿಲ್ಲ. ನಾನಿದ್ದೇನೆಂದು ಹೀಗೋ, ದಿನವೂ ಹೀಗೆಯೋ?

ಸಂಜೆ ಮಗಳು ಶೂ ಬಿಚ್ಚುತ್ತಾ ಕೇಳಿದಳು: "ಅಮ್ಮ, ಮಿಸ್ಸನ್ನ ಚೆಕ್ ಮಾಡೋಕ್ ಬಂದಿದ್ಯಾ?"

"ಇಲ್ಲ ಪುಟ್ಟಿ, ನಿನ್ನ ನೋಡೋಕೆ."

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ನಂಬಿದಂತೆ ಕಾಣಲಿಲ್ಲ.